ಹಳೆಯ ಪುಸ್ತಕ ಸ್ಕ್ಯಾನ್ ಮಾಡಿ ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಮರುಮುದ್ರಣಕ್ಕೆ ಸಿದ್ಧ ಮಾಡಲು ಜೆಪೆಗ್ ಸಾಕಾ, ಟಿಫ್ ಬೇಕಾ?

ಎರಡೂ ಚಿತ್ರ ಉಳಿಸುವ ಫೈಲ್ ಬಗೆಗಳು. ಅಕ್ಷರವೇ ತುಂಬಿರುವ ಪುಟಕ್ಕೆ, ವಿವರ ಕಳೆಯದೆ ಉಳಿಸಬಲ್ಲ ಟಿಫ್ ಬಳಸಿ. ಮರುಮುದ್ರಣ ಅಂದಿದ್ದೀರಿ, ಹಾಗಾಗಿ ಇದರಲ್ಲಿ ರಾಜಿ ಬೇಡ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಬಿಟ್ಟುಬಿಡುತ್ತದೆ. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ. ಆದರೆ ಕಪ್ಪು ಅಕ್ಷರ ಬಿಳಿ ಕಾಗದಕ್ಕೆ ತಾಗುವ ಅಂಚಿನಲ್ಲಿ ಬೂದು ಕಲೆಗಳು ಏಳುತ್ತವೆ. ಕನ್ನಡದಲ್ಲಿ ಇದರ ಕಾಟ ಜಾಸ್ತಿ. ಒತ್ತಕ್ಷರಗಳು ಚಿಕ್ಕವು. 'ದ' ಮತ್ತು 'ಧ' ನಡುವಿನ ವ್ಯತ್ಯಾಸ ಒಂದು ಪುಟ್ಟ ಗೆರೆ ಮಾತ್ರ, ಅಲ್ವಾ?

ಸ್ಕ್ಯಾನರ್‌ನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕೆ), 1 ಬಿಟ್ ಕಪ್ಪು-ಬಿಳುಪು (ನಡುವೆ ಬೂದು ಛಾಯೆ ಇಲ್ಲದ್ದು) ಆರಿಸಿ. ಕುಗ್ಗಿಸದ ಎ4 ಪುಟ ಸುಮಾರು 4 ಎಂಬಿ ಇರುತ್ತದೆ. ಗ್ರೂಪ್ 4 ಕಂಪ್ರೆಷನ್ (ಕಪ್ಪು-ಬಿಳುಪು ಪುಟ ಕುಗ್ಗಿಸುವ ವಿಧಾನ) ಹಾಕಿದರೆ ಬಹಳ ಚಿಕ್ಕದಾಗುತ್ತದೆ, ಒಂದು ಚುಕ್ಕೆಯೂ ಕಳೆಯುವುದಿಲ್ಲ. ಇಂಥ ಟಿಫ್‌ಗೆ ಇನ್‌ಡಿಸೈನ್ ಒಳಗೇ ಬಣ್ಣವನ್ನೂ ಕೊಡಬಹುದು. ಕಾಗದ ಹಳದಿಯಾಗಿ ಅಕ್ಷರ ಮಾಸಿದ್ದರೆ ಮೊದಲು ಗ್ರೇಸ್ಕೇಲ್‌ನಲ್ಲಿ (ಬೂದು ಛಾಯೆಗಳಲ್ಲಿ) ಸ್ಕ್ಯಾನ್ ಮಾಡಿ, ಸರಿಪಡಿಸಿ, ಆಮೇಲೆ 1 ಬಿಟ್‌ಗೆ ಇಳಿಸಿ.

ಫೋಟೋ ಇರುವ ಪುಟಕ್ಕೆ 300 ಡಿಪಿಐ ಗ್ರೇಸ್ಕೇಲ್ ಅಥವಾ ಬಣ್ಣದ ಟಿಫ್ ಸಾಕು. ಅಲ್ಲಿ ಒಳ್ಳೆ ಗುಣಮಟ್ಟದ ಜೆಪೆಗ್ ಕೂಡ ನಡೆಯುತ್ತದೆ. ಅಚ್ಚಾದ ಫೋಟೋ ಚುಕ್ಕೆಗಳಿಂದ ಆಗಿರುವುದರಿಂದ ಸ್ಕ್ಯಾನರ್‌ನಲ್ಲಿ ಆ ಚುಕ್ಕೆಗಳನ್ನು ಅಳಿಸುವ ಡಿಸ್ಕ್ರೀನ್ ಆನ್ ಮಾಡಿ, ಇಲ್ಲದಿದ್ದರೆ ಅಲೆ ಅಲೆಯಾಗಿ ಕಾಣಬಹುದು. ಪಿಎನ್‌ಜಿ ಎಂಬ ಇನ್ನೊಂದು ಫೈಲ್ ಬಗೆಯೂ ವಿವರ ಕಳೆಯುವುದಿಲ್ಲ, ಆದರೆ ಅದರಲ್ಲಿ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ ವ್ಯವಸ್ಥೆ) ಇಲ್ಲ.

ಈಗಾಗಲೇ ಜೆಪೆಗ್ ಮಾಡಿಟ್ಟಿದ್ದನ್ನು ಸುಮ್ನೆ ಟಿಫ್‌ಗೆ ಬದಲಿಸಿದರೆ ಹೋದ ವಿವರ ವಾಪಸ್ ಬರುವುದಿಲ್ಲ. ಪುಸ್ತಕ ಕೈಯಲ್ಲೇ ಇದ್ದರೆ ಮತ್ತೆ ಸ್ಕ್ಯಾನ್ ಮಾಡಿ.