5 ವರ್ಷದ ಮಗನಿಗೆ ಹನುಮಪ್ಪನ ವೇಷ ಮನೆಯಲ್ಲೇ ಮಾಡಬೇಕು, 10 ದಿನ ಇದೆ. ಎಲ್ಲಿಂದ ಶುರು ಮಾಡಲಿ?

ನೀವು ಬರೆದಿದ್ದು ಇಷ್ಟು: ಗಂಗಾವತಿಯಲ್ಲಿ ಮಗನ ಶಾಲೆಯ ಗ್ಯಾದರಿಂಗ್, ಅವನಿಗೆ ಹನುಮಪ್ಪನ ವೇಷ. ಹೋದ ವರ್ಷ ತಂದ ಬಾಡಿಗೆ ಡ್ರೆಸ್ ಮೈಗೆ ಚುಚ್ಚುತ್ತದೆ ಅಂತ ಅರ್ಧಕ್ಕೇ ಬಿಚ್ಚಿ ಒಗೆದಿದ್ದಾನೆ. 3 ವರ್ಷದ ತಂಗಿ ಬೇರೆ ‘ನಾನೂ ಮಾಡ್ತೀನಿ’ ಅಂತ ಪಕ್ಕದಲ್ಲಿ ಕೂತಿದ್ದಾಳೆ.

10 ದಿನ ಧಾರಾಳವಾಯ್ತು. ಆದರೆ ಶುರು ಗದೆಯಿಂದ, ಅದೂ ಇವತ್ತೇ. ಒಣಗೋಕೆ ದಿನ ಬೇಡುವುದು ಅದೊಂದೇ. ಬಾಲ, ಕಿರೀಟ, ಬಟ್ಟೆ ಎಲ್ಲ ಆಮೇಲೆ ಮೂರು ಸಂಜೆಗಳಲ್ಲಿ ಮುಗಿಯುತ್ತವೆ. ಮಕ್ಕಳ ವೇಷ ಹೆಚ್ಚಾಗಿ ಕೆಡುವುದು ಭಾರದಿಂದ. ಗದೆ 200 ಗ್ರಾಂ, ಬಾಲ 200 ಗ್ರಾಂ, ಕಿರೀಟ 100 ಗ್ರಾಂ, ಇದಕ್ಕಿಂತ ಮೇಲೆ ಹೋಗಬೇಡಿ. ತಕ್ಕಡಿ ಇಲ್ಲದಿದ್ದರೆ ಒಂದು ಕೈಯಲ್ಲಿ ಕಾಲು ಕಿಲೋ ಸಕ್ಕರೆ ಪೊಟ್ಟಣ, ಇನ್ನೊಂದರಲ್ಲಿ ಗದೆ ಹಿಡಿದು ನೋಡಿ. ಗದೆ ಹಗುರ ಅನ್ನಿಸಬೇಕು.

ಕತ್ತರಿ ಹಿಡಿಯುವ ಮುಂಚೆ ಮಗನನ್ನು ಹತ್ತಿರದ ಹನುಮಪ್ಪನ ಗುಡಿಗೆ ಕರೆದುಕೊಂಡು ಹೋಗಿ. ಅಂಜನಾದ್ರಿ ನಿಮಗೆ ಹತ್ತಿರವೇ, ಆದರೆ ಇದಕ್ಕಾಗಿ 575 ಮೆಟ್ಟಿಲು ಹತ್ತಬೇಕಂತೇನಿಲ್ಲ, ಓಣಿಯ ಗುಡಿ ಸಾಕು. ವ್ಯಾಸರಾಯರು ಪ್ರತಿಷ್ಠೆ ಮಾಡಿದರೆನ್ನುವ ಮೂರ್ತಿಗಳಲ್ಲಿ ಹನುಮಪ್ಪ ಮುಖ ಒಂದು ಪಕ್ಕಕ್ಕೆ ತಿರುಗಿಸಿ ನಿಂತಿರುತ್ತಾನೆ. ಬಲಗೈ ಮೇಲೆತ್ತಿ, ಎಡಗೈಯಲ್ಲಿ ಸೌಗಂಧಿಕಾ ಹೂ. ಬಾಲ ಬೆನ್ನ ಹಿಂದಿನಿಂದ ಎದ್ದು ತಲೆಯ ಮೇಲೆ ಬಾಗಿರುತ್ತದೆ, ತುದಿಯಲ್ಲಿ ಪುಟ್ಟ ಗಂಟೆ. ಅಲ್ಲಿ ಗದೆಯೇ ಇರುವುದಿಲ್ಲ! ಗದೆ ಕ್ಯಾಲೆಂಡರ್ ಚಿತ್ರದ ಹನುಮಪ್ಪನದು. ನಿಮ್ಮ ಮಗ ಗದೆ ಬಿಡುವುದಿಲ್ಲ ಅನ್ನುವುದು ಗೊತ್ತು, ಇರಲಿ. ಆದರೆ ತಲೆಯ ಮೇಲೆ ಬಾಗಿದ ಬಾಲ, ತುದಿಗೊಂದು ಗೆಜ್ಜೆ, ಇವೆರಡನ್ನು ಗುಡಿಯಿಂದ ತಗೊಳ್ಳಿ. ಬಾಡಿಗೆ ಡ್ರೆಸ್ಸಿನಲ್ಲಿ ನೆಲಕ್ಕೆ ಜೋತು ಬೀಳುವ ಬಾಲವನ್ನು ಹಿಂದೆ ನಿಂತ ಹುಡುಗರು ತುಳಿಯದೇ ಬಿಡುವುದಿಲ್ಲ.

ಈಗ ಅಂಟು. ಫೆವಿಕಾಲ್ ಬೇಡ, ಮೈದಾ ಅಂಟೇ ಇರಲಿ, ಯಾಕಂದ್ರೆ ತಂಗಿ ಬೆರಳು ನೆಕ್ಕದೇ ಇರುವುದಿಲ್ಲ. ಅರ್ಧ ಕಪ್ ಮೈದಾವನ್ನು ಅರ್ಧ ಕಪ್ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುತ್ತಿರುವ ಎರಡು ಕಪ್ ನೀರಿಗೆ ಸುರಿದು ಕೈ ಬಿಡದೆ ತಿರುವಿ. ಎರಡು ಮೂರು ನಿಮಿಷಕ್ಕೆ ಬಿಳಿ ಬಣ್ಣ ಹೋಗಿ ಗಾಜಿನಂತೆ ಹೊಳಪು ಬರುತ್ತದೆ, ಆಗ ಇಳಿಸಿ. ಹೊಳಪು ಬರುವ ಮುಂಚೆ ಇಳಿಸಿದರೆ ಹಿಟ್ಟು ಹಸಿಯಾಗಿ ಉಳಿದು, ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಒಂದು ಚಮಚ ಉಪ್ಪು ಹಾಕಿದರೆ ಬೇಗ ಬೂಸು ಹಿಡಿಯುವುದಿಲ್ಲ. ಪೋಸ್ಟರ್ ಅಂಟಿಸುವವರು ಹುಳ ಬೀಳಬಾರದೆಂದು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಅಂಟು ಪೂರ್ತಿ ತಣ್ಣಗಾದ ಮೇಲೇ ಮಕ್ಕಳ ಮುಂದೆ ಇಡಿ. ಮೇಲೆ ಕೆನೆ ಕಟ್ಟಿ ಆರಿದಂತೆ ಕಂಡರೂ ಒಳಗೆ ಕೆಂಡದಷ್ಟು ಬಿಸಿ ಇರುತ್ತದೆ.

ಗದೆಗೆ ಬಲೂನನ್ನು 15 ಸೆಂ.ಮೀ. ಅಗಲ ಬರುವಷ್ಟೇ ಊದಿ. ಪೂರ್ತಿ ಊದಿದರೆ ದುಂಡಗೆ ಬರದೆ ತೆಂಗಿನಕಾಯಿಯಂತೆ ಉದ್ದವಾಗುತ್ತದೆ. ರದ್ದಿ ಪೇಪರನ್ನು ಒಂದಿಂಚು ಅಗಲ, ನಾಲ್ಕಿಂಚು ಉದ್ದದ ಪಟ್ಟಿ ಮಾಡಬೇಕು. ಈ ಕೆಲಸ ತಂಗಿಗೆ ಬಿಡಿ, ಕತ್ತರಿ ಕೊಡಬೇಡಿ, ಕೈಯಲ್ಲೇ ಹರಿಯಲಿ. ಹರಿದ ಅಂಚಿನಲ್ಲಿ ನಾರು ಬಿಟ್ಟುಕೊಂಡಿರುವುದರಿಂದ ಒಂದರ ಮೇಲೊಂದು ನುಣ್ಣಗೆ ಕೂಡುತ್ತದೆ. ಕತ್ತರಿಸಿದ ಅಂಚು ಬಣ್ಣ ಹಚ್ಚಿದ ಮೇಲೂ ಗೆರೆಗೆರೆಯಾಗಿ ಎದ್ದು ಕಾಣುತ್ತದೆ. ಪೇಪರ್ ಮೇಲಿಂದ ಕೆಳಗೆ ಹರಿದರೆ ನೆಟ್ಟಗೆ ಬರುತ್ತದೆ, ಅಡ್ಡಡ್ಡ ಹರಿದರೆ ಸೊಟ್ಟ. ಇದನ್ನು ಮೊದಲೇ ತೋರಿಸಿದರೆ ಅವಳು ಸಿಟ್ಟಾಗುವುದು ತಪ್ಪುತ್ತದೆ.

ಮಗ ಅಂಟಿಸಲಿ. ಪಟ್ಟಿಯನ್ನು ಅಂಟಿನಲ್ಲಿ ಅದ್ದಿ, ಎರಡು ಬೆರಳ ನಡುವೆ ಎಳೆದು ಹೆಚ್ಚಿನದನ್ನು ಹಿಂಡಿ, ಬಲೂನಿನ ಮೇಲೆ ಒತ್ತಬೇಕು. ಈ ಹಿಂಡುವ ಕೆಲಸವನ್ನು ಮಕ್ಕಳು ಮರೆಯುತ್ತಾರೆ, ಆಗ ಅಂಟು ಕೆಳಗೆ ಇಳಿದು ಗದೆಯ ಬುಡದಲ್ಲಿ ಗಟ್ಟಿಯಾಗಿ ಕೂತು ಒಂದು ಕಡೆ ಭಾರವಾಗುತ್ತದೆ. ಮೊದಲ ಪದರ ಕಪ್ಪು-ಬಿಳುಪಿನ ಪುಟದ್ದು, ಎರಡನೆಯದು ಬಣ್ಣದ ಜಾಹೀರಾತು ಪುಟದ್ದು ಇರಲಿ. ಎಲ್ಲಿ ಬಿಟ್ಟಿದ್ದೇನೆ ಅನ್ನುವುದು ಹುಡುಗನಿಗೇ ಕಾಣುತ್ತದೆ, ನೀವು ಹಿಂದೆ ನಿಂತು ಹೇಳಬೇಕಾಗಿಲ್ಲ. ಬಲೂನಿನ ಗಂಟಿನ ಸುತ್ತ ಒಟ್ಟು ಮೂರು ಸೆಂ.ಮೀ. ಅಗಲದ ಜಾಗ ಖಾಲಿ ಬಿಡಿ. ಒಂದು ದಿನಕ್ಕೆ ಎರಡೇ ಪದರ, ಒಟ್ಟು ನಾಲ್ಕು. ನಾಲ್ಕನ್ನೂ ಒಂದೇ ಸಲ ಹಚ್ಚಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ನಾತ ಹೊಡೆಯುತ್ತದೆ. ಈ ವಯಸ್ಸಿಗೆ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಬಹಳವಾಯ್ತು. ಅವನು ಎದ್ದು ಹೋದರೆ ಹೋಗಲಿ, ಉಳಿದದ್ದನ್ನು ನೀವು ಮುಗಿಸಿ.

ನಮ್ಮ ಕಡೆ ಬಿಸಿಲಿಗೇನು ಬರ? ಅದಕ್ಕೇ ಎಲ್ಲರೂ ಗದೆಯನ್ನು ಮಾಳಿಗೆ ಮೇಲೆ ಇಡುತ್ತಾರೆ, ಕೆಡಿಸಿಕೊಳ್ಳುತ್ತಾರೆ. ಬಿಸಿಲಿಗೆ ಬಲೂನಿನ ಒಳಗಿನ ಗಾಳಿ ಹಿಗ್ಗಿ ಹಸಿ ಪೇಪರ್ ಸೀಳುತ್ತದೆ, ಇಲ್ಲಾ ಬಲೂನೇ ಒಡೆದು ಗದೆ ಒಳಕ್ಕೆ ಕುಸಿಯುತ್ತದೆ. ಮೊದಲ ಎರಡು ಪದರ ಫ್ಯಾನ್ ಕೆಳಗೆ ನೇತುಹಾಕಿ ಒಣಗಿಸಿ, ನಾಲ್ಕೂ ಗಟ್ಟಿಯಾದ ಮೇಲೆ ಬೇಕಾದರೆ ಎಳೆ ಬಿಸಿಲು ತೋರಿಸಿ. ಒಣಗಿದೆಯೋ ಇಲ್ಲವೋ ತಿಳಿಯೋಕೆ ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಒಳಗಿನ್ನೂ ಹಸಿ ಇದೆ. ಪೂರ್ತಿ ಒಣಗಿದ್ದು ಬೆರಳಲ್ಲಿ ಬಾರಿಸಿದರೆ ಟಕ್ ಟಕ್ ಅನ್ನುತ್ತದೆ. ಆಮೇಲೆ ಬಲೂನು ಚುಚ್ಚಿ ತೆಗೆದು, ಚೂರುಗಳನ್ನು ಆಗಲೇ ಎತ್ತಿ ಕಸಕ್ಕೆ ಹಾಕಿ. 3 ವರ್ಷದ ಮಗು ಬಾಯಿಗಿಟ್ಟರೆ ರಬ್ಬರ್ ಚೂರು ಗಂಟಲಿಗೆ ಅಂಟಿ ಉಸಿರು ಕಟ್ಟುತ್ತದೆ.

ಹಿಡಿಕೆಗೆ ಪಿವಿಸಿ ಪೈಪ್ ಹಾಕುವವರಿದ್ದಾರೆ. ಹಾಕಬೇಡಿ, ಗದೆ ಸಿಕ್ಕ ಹುಡುಗ ಯಾರಿಗಾದರೂ ಒಂದು ಬಾರಿಸಿಯೇ ಬಾರಿಸುತ್ತಾನೆ. ಆರು ಪೂರ್ತಿ ಪೇಪರ್ ಹಾಳೆಗಳನ್ನು ಒಟ್ಟಿಗೆ ಬಿಗಿಯಾಗಿ ಸುತ್ತಿ, ಎರಡೂವರೆ ಸೆಂ.ಮೀ. ದಪ್ಪದ, ಅರ್ಧ ಮೀಟರ್ ಉದ್ದದ ಕೋಲು ಮಾಡಿ. ಅದಕ್ಕಿಂತ ದಪ್ಪವಾದರೆ ಪುಟ್ಟ ಮುಷ್ಟಿಗೆ ಹಿಡಿತ ಸಿಗುವುದಿಲ್ಲ. ಮನೆಯ ಗದೆಗಳು ಮುರಿಯುವುದು ಯಾವಾಗಲೂ ಕುತ್ತಿಗೆಯಲ್ಲಿ, ಕೋಲನ್ನು ಬರೀ ಬಲೂನಿನ ಗಂಟಿದ್ದ ಬಾಯಿಗೆ ಅಂಟಿಸಿರುತ್ತಾರಲ್ಲ ಅದಕ್ಕೆ. ಗುಂಡಿನ ನೆತ್ತಿಗೂ ಒಂದು ತೂತು ಕೊರೆದು, ಕೋಲು ಆರಪಾರ ಹೋಗಿ ಮೇಲೆ ಮೂರು ಸೆಂ.ಮೀ. ಹೊರಬರುವಂತೆ ಕೂರಿಸಿ. ಆ ತುದಿಗೆ ಪೇಪರ್ ಉಂಡೆ ಸುತ್ತಿದರೆ ಅದೇ ಕಳಸ. ಮೇಲೂ ಕೆಳಗೂ ಸೇರುವ ಜಾಗಕ್ಕೆ ಹಳೇ ಬನಿಯನ್ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಮೂರು ಸುತ್ತು ಸುತ್ತಿ. ಬಟ್ಟೆ ಇದ್ದಲ್ಲಿ ಪೇಪರ್ ಸೀಳುವುದಿಲ್ಲ.

ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರ ಕೈಚಳಕವೂ ಇದೇ ದಾರಿಯದು. ಹಗುರ ಕಟ್ಟಿಗೆಯ ಗೊಂಬೆಗೆ ಗೋಣಿ ನಾರಿನ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ‘ಕಿಟ್ಟ’ ಮೆತ್ತಿ, ಮೇಲೆ ಹತ್ತಿಯ ತುಣುಕು ಅಂಟಿಸಿ, ಕಲ್ಲಿನ ಪುಡಿ ಬಳಿದ ಮೇಲೇ ಬಣ್ಣ. ಮೈಮೇಲಿನ ಒಡವೆಗಳನ್ನು ಅಂಟಿನಲ್ಲಿ ಕಲಸಿದ ಕಲ್ಲಿನ ಪುಡಿಯಲ್ಲೇ ಉಬ್ಬಿಸುತ್ತಾರೆ. ಆ ಉಬ್ಬು ಒಡವೆ ನಿಮ್ಮ ಗದೆಗೂ ಕಿರೀಟಕ್ಕೂ ಬರಬೇಕೆಂದರೆ ಹೀಗೆ ಮಾಡಿ: ಎರಡು ಚಮಚ ನುಣ್ಣನೆ ಸೀಮೆಸುಣ್ಣದ ಪುಡಿಗೆ ಒಂದು ಚಮಚ ಫೆವಿಕಾಲ್, ನಾಲ್ಕೈದು ಹನಿ ನೀರು. ಇಲ್ಲಿ ಮಾತ್ರ ಫೆವಿಕಾಲೇ ಬೇಕು, ಮತ್ತು ಇದು ನಿಮ್ಮ ಕೈಯ ಕೆಲಸ. ಮೆಹಂದಿ ಕೋನಿನಂತೆ ಪ್ಲಾಸ್ಟಿಕ್ ಸುತ್ತಿ ತುಂಬಿ, ಪೆನ್ಸಿಲ್ ಗೆರೆಯ ಮೇಲೆ ಚುಕ್ಕೆ, ಬಳ್ಳಿ ಬಿಡಿ. ನೀರು ಹೆಚ್ಚಾದರೆ ಗೆರೆ ಹರಡುತ್ತದೆ, ಕಡಿಮೆಯಾದರೆ ಕೋನಿನ ಬಾಯಿ ಕಟ್ಟುತ್ತದೆ, ದಪ್ಪನಾಗಿ ಬಿಟ್ಟರೆ ಒಣಗುವಾಗ ಬಿರುಕು. ಜೋಳದ ಕಾಳಿನಷ್ಟು ದಪ್ಪ ಸಾಕು.

ಬಣ್ಣಕ್ಕೆ ಮೊದಲು ಹಳದಿ ಪೋಸ್ಟರ್ ಕಲರ್ ಒಂದು ಕೋಟ್, ಆಮೇಲೆ ಬಂಗಾರದ ಅಕ್ರಿಲಿಕ್. ಪೇಪರಿನ ಮೇಲೆ ನೇರವಾಗಿ ಬಂಗಾರ ಹಚ್ಚಿದರೆ ಅಕ್ಷರಗಳು ಇಣುಕುತ್ತವೆ, ಮೂರು ಕೋಟ್ ಬೇಕಾಗುತ್ತದೆ. ಥಿನ್ನರ್ ಕಲಸುವ ಗೇಟಿನ ಪೇಂಟ್ ಮಾತ್ರ ತರಬೇಡಿ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ.

ಕಿರೀಟ ಸುಲಭ. ಕಿರಾಣಿ ಅಂಗಡಿಯ ರಟ್ಟಿನ ಡಬ್ಬಿ, ಎತ್ತರ ಮುಂದೆ 15 ಸೆಂ.ಮೀ. ಮೀರದಿರಲಿ. ರಟ್ಟಿನ ಒಳಗಿನ ಅಲೆಗೆರೆಗಳು ಮೇಲಿಂದ ಕೆಳಕ್ಕೆ ಬರುವಂತೆ ಕತ್ತರಿಸಿ, ಆಗ ತಲೆಗೆ ದುಂಡಗೆ ಬಾಗುತ್ತದೆ. ಅಡ್ಡ ಬಂದರೆ ಮೂಲೆಮೂಲೆಯಾಗಿ ಮುರಿಯುತ್ತದೆ. ತಲೆಯ ಸುತ್ತಳತೆ ಟೇಪಿನಲ್ಲೇ ಅಳೆಯಿರಿ, ಈ ವಯಸ್ಸಿಗೆ 50–52 ಸೆಂ.ಮೀ. ಇರುತ್ತದೆ. ಒಳಗಿನ ಬಟ್ಟೆಗೆ ಒಂದು, ಒಂದರ ಮೇಲೊಂದು ಕೂರಲು ಎರಡು ಸೆಂ.ಮೀ. ಸೇರಿಸಿ. ಗದ್ದದ ಕೆಳಗಿನ ಇಲಾಸ್ಟಿಕ್ ಬೇಡ, ಮಕ್ಕಳು ಅದನ್ನು ಎಳೆದಾಡುತ್ತಲೇ ಇರುತ್ತಾರೆ. ಹಿಂದೆ ಲಾಡಿ ಕಟ್ಟಿ. ಭುಜಕೀರ್ತಿ ಬಯಲಾಟದವರಿಗೆ ಚೆಂದ, ಈ ವಯಸ್ಸಿಗೆ ಕಿವಿಗೆ ತಾಗುತ್ತದೆ, ಬಿಟ್ಟುಬಿಡಿ.

ಬಾಲಕ್ಕೆ ನಿಮ್ಮ ಹಳೇ ಕಂದು ಲೆಗ್ಗಿನ್ಸಿನ ಒಂದು ಕಾಲು, ಮೂರು ಮಿ.ಮೀ. ದಪ್ಪದ ಜಿಐ ತಂತಿ 110 ಸೆಂ.ಮೀ., ಒಂದು ಹಿಡಿ ಅರಳೆ. ಸೆಂಟ್ರಿಂಗ್‌ನವರ ಬೈಂಡಿಂಗ್ ತಂತಿ ತೀರಾ ಮೆತ್ತಗೆ, ನಿಲ್ಲುವುದಿಲ್ಲ. ತಂತಿಯನ್ನು ನೇರವಾಗಿ ಸೊಂಟಕ್ಕೆ ಹೊಲಿದರೆ ಬಾಲ ಗರಗರ ತಿರುಗಿ ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ಕೆಳಗಿನ 30 ಸೆಂ.ಮೀ. ತಂತಿಯನ್ನು ಅಂಗೈಯಗಲದ ತ್ರಿಕೋನ ಮಾಡಿ, ಜೀನ್ಸ್ ಬಟ್ಟೆಯ ಎರಡು ತುಂಡುಗಳ ನಡುವೆ ಇಟ್ಟು ಸುತ್ತ ಹೊಲಿಯಿರಿ. ಬಳ್ಳಾರಿ ಕಡೆಯ ನೆಂಟರಿದ್ದರೆ ಜೀನ್ಸ್ ಹೊಲಿಯುವವರ ಹತ್ತಿರ ಚಿಂದಿ ಕೇಳಿ ತರಿಸಿ, ಇಲ್ಲವೇ ಮನೆಯಲ್ಲಿರುವ ಹಳೇ ಪ್ಯಾಂಟ್ ಸಾಕು. ಆ ತುಂಡನ್ನು ನಾಲ್ಕು ಬೆರಳಗಲದ ಪಟ್ಟಿಗೆ ಸೇರಿಸಿ, ಮುಂದೆ ವೆಲ್ಕ್ರೋ ಹಾಕಿ. ಚೆಡ್ಡಿಯ ಇಲಾಸ್ಟಿಕ್ಕಿಗೆ ಪಿನ್ ಚುಚ್ಚಿದರೆ ಸ್ಟೇಜಿನ ಮೇಲೇ ‘ಅವ್ವಾ, ಚೆಡ್ಡಿ ಜಾರಾಕತ್ತೈತಿ’ ಅನ್ನುತ್ತಾನೆ. ತಂತಿಯ ಎರಡೂ ತುದಿಗಳನ್ನು ಉಂಗುರದಂತೆ ಒಳಕ್ಕೆ ಬಗ್ಗಿಸಿ ಟೇಪ್ ಸುತ್ತಿ. ಅರಳೆಯನ್ನು ಉಂಡೆಯಾಗಿ ತುರುಕಬೇಡಿ, ತಂತಿಗೆ ಸುತ್ತುತ್ತಾ ಬಂದು ಮೇಲೆ ಲೆಗ್ಗಿನ್ಸ್ ಏರಿಸಿ, ಆಗ ಹಾವು ಇಲಿ ನುಂಗಿದಂತೆ ಕಾಣುವುದಿಲ್ಲ. ತುದಿಗೆ ಒಂದೇ ಒಂದು ಸಣ್ಣ ಗೆಜ್ಜೆ, ದಾರದಲ್ಲಿ ಭದ್ರವಾಗಿ ಹೊಲಿದು.

ಮೈಗೆ ಕಿತ್ತಳೆ ಬಣ್ಣದ ತುಂಬುತೋಳಿನ ಹತ್ತಿ ಟೀಶರ್ಟ್. ಕೆಳಗೆ ಕೆಂಪು ವೇಲಿನ ಕಚ್ಚೆಯನ್ನು ಚೆಡ್ಡಿಯ ಮೇಲೇ ಹೊಲಿದುಬಿಡಿ, ಒಂದಕ್ಕೆ ಹೋಗಬೇಕೆಂದರೆ ಪೂರ್ತಿ ಒಂದೇ ಸಲ ಇಳಿಯಬೇಕು. ಜರಿ ಅಂಚು ಚರ್ಮಕ್ಕೆ ತಾಗದ ಹಾಗೆ ನೋಡಿಕೊಳ್ಳಿ, ಹೋದ ವರ್ಷ ಚುಚ್ಚಿದ್ದು ಬಹುಶಃ ಅದೇ.

ಮುಖಕ್ಕೆ ಸಿಂಧೂರ ಹಚ್ಚಲೇಬೇಡಿ. ಗುಡಿಯಲ್ಲಿ ಹನುಮಪ್ಪನಿಗೆ ಬಳಿಯುವ ಸಿಂಧೂರದಲ್ಲಿ ಸೀಸ ಇರಬಹುದು, ಮಗುವಿನ ಬಾಯಿಗೆ ಹೋದರೆ ವಿಷ. ಎರಡು ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ಕೋಲ್ಡ್ ಕ್ರೀಮ್, ಅರ್ಧ ಚಮಚ ನೀರು, ಹಳದಿ-ಕೆಂಪು ಅಡುಗೆ ಬಣ್ಣ ಎರಡೆರಡು ಹನಿ ಕಲಸಿ. ಹಿಂದಿನ ದಿನವೇ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ, ಕೆಂಪಾದರೆ ಮುಖಕ್ಕೆ ಬೇಡ. ರಬ್ಬರ್ ಮೂತಿ, ಮುಖವಾಡ ಯಾವುದೂ ಬೇಡ, ಬೆವರಿಗೆ ನಿಲ್ಲುವುದಿಲ್ಲ, ಮಾತೂ ಕೇಳುವುದಿಲ್ಲ. ಮೂಗಿನ ಬುಡದಿಂದ ಗದ್ದದವರೆಗೆ ಮೊಟ್ಟೆಯಾಕಾರವನ್ನು ತೆಳು ಬಣ್ಣದಲ್ಲಿ ತುಂಬಿ, ಸುತ್ತ ಕಂದು ಗೆರೆ ಎಳೆದರೆ ಹಿಂದಿನ ಸಾಲಿಗೂ ಮೂತಿ ಕಾಣುತ್ತದೆ. ಬಣ್ಣ ಸ್ಟೇಜಿಗೆ ಹೋಗುವ ಅರ್ಧ ಗಂಟೆ ಮುಂಚೆ. ಎರಡು ಗಂಟೆ ಕೂತರೆ ಬಿರುಕು ಬಿಟ್ಟು ತುರಿಸುತ್ತದೆ. ತೆಗೆಯೋಕೆ ಕೊಬ್ಬರಿ ಎಣ್ಣೆ, ಹತ್ತಿ. ಕೆಂಪು ಒಂದು ದಿನ ತೆಳುವಾಗಿ ಉಳಿದರೆ ಗಾಬರಿ ಆಗಬೇಡಿ.

ಎರಡು ದಿನ ಮುಂಚೆ ಪೂರ್ತಿ ವೇಷ ಹಾಕಿಸಿ ಮನೆಯಲ್ಲಿ ಹದಿನೈದು ನಿಮಿಷ ಆಡಲು ಬಿಡಿ. ಕೂರಲಿ, ಕುಣಿಯಲಿ, ಗದೆ ಎತ್ತಲಿ. ಎಲ್ಲಿ ಕೈ ಹೋಗಿ ಕೆರೆಯುತ್ತಾನೋ ಅಲ್ಲಿ ಸರಿಮಾಡಿ. ಶಾಲೆಗೆ ಬೈಕಿನಲ್ಲಿ ಹೋಗುವುದಾದರೆ ಬಾಲವನ್ನು ಅಲ್ಲೇ ಹೋಗಿ ಕಟ್ಟಿ. ಚೀಲದಲ್ಲಿ ಸೆಲೋಟೇಪ್, ಸೂಜಿ-ದಾರ, ಬಂಗಾರದ ಬಣ್ಣದ ಸಣ್ಣ ಬಾಟಲಿ ಇರಲಿ. ಮತ್ತೆ, ಉಳಿದ ರದ್ದಿಯಲ್ಲಿ ಬಲೂನಿಲ್ಲದ ಒಂದು ಪುಟ್ಟ ಗದೆಯನ್ನು ತಂಗಿಗೂ ಸುತ್ತಿಕೊಟ್ಟಿರಿ, ಇಲ್ಲದಿದ್ದರೆ ಅಣ್ಣನ ಗದೆ ಗ್ಯಾದರಿಂಗ್ ದಿನದವರೆಗೆ ಉಳಿಯುವುದಿಲ್ಲ.