ಹಕ್ಕು ಕಲಿಸಿದರೆ ಮಕ್ಕಳು ಎದುರು ಮಾತಾಡುತ್ತಾರಾ?

ಪ್ರಶ್ನೆ: ಮೇಡಂ, ನಾನು ನಾಲ್ಕನೇ ತರಗತಿಯ ಶಿಕ್ಷಕಿ. ಮಕ್ಕಳ ಹಕ್ಕು ಮತ್ತು ಸುರಕ್ಷಿತ ಸ್ಪರ್ಶದ ಬಗ್ಗೆ ಪಾಠ ಶುರು ಮಾಡಿದೆ. ಎರಡನೇ ವಾರಕ್ಕೇ ಕೆಲವು ಪೋಷಕರು ಬಂದು, 'ಹಕ್ಕು ಅಂತೆಲ್ಲ ತಲೆಗೆ ತುಂಬಬೇಡಿ, ಈಗಲೇ ಎದುರು ಮಾತಾಡ್ತಾರೆ. ಇಲ್ಲದ ಭಯ ಬೇರೆ ಹುಟ್ಟುತ್ತೆ' ಅಂದರು. ನಿಲ್ಲಿಸಬೇಕಾ? ಇನ್ನೊಂದು ಅಳುಕೂ ಇದೆ. ಯಾವುದಾದರೂ ಮಗು ನಿಜವಾಗಿ ಏನಾದರೂ ಹೇಳಿಬಿಟ್ಟರೆ ನಾನೇನು ಮಾಡಲಿ?
— ಒಬ್ಬ ಶಿಕ್ಷಕಿ

ಉತ್ತರ: ನಿಲ್ಲಿಸಬೇಡಿ. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಸಿದ್ಧವಾಗಬೇಕು.

ನಾನು ಪಾಠ ಹೇಳಲು ಶುರು ಮಾಡಿದ ಹೊಸತು. ಒಬ್ಬ ಹುಡುಗ, ಎಂಟು ವರ್ಷ ಇರಬೇಕು, ಮನೆಗೆ ಬಿಡುವ ಹೊತ್ತಿಗೆ ಮೇಜಿನ ಹತ್ತಿರ ಬಂದು ನಿಂತ. 'ಮಿಸ್, ನಾನು ಟ್ಯೂಷನ್‌ಗೆ ಹೋಗಲ್ಲ' ಅಂದ. 'ಸೋಮಾರಿತನ ಅಲ್ವಾ?' ಅಂದುಬಿಟ್ಟೆ. ತಲೆ ತಗ್ಗಿಸಿಕೊಂಡು ಹೋದ. ಮತ್ತೆ ಆ ಮಾತು ಎತ್ತಲಿಲ್ಲ. ಅಲ್ಲಿ ಅವನಿಗೆ ಏನಾಗುತ್ತಿತ್ತು ಎಂಬುದು ತಿಂಗಳುಗಳ ನಂತರ ಬೇರೆಯವರಿಂದ ನನಗೆ ತಿಳಿಯಿತು. ಅವನು ಹೇಳಿದ್ದ, ನಾನು ಕೇಳಿಸಿಕೊಂಡಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ. ಮಕ್ಕಳು ಬಿಡಿಸಿ ಹೇಳುವುದು ಕಡಿಮೆ. 'ಹೋಗಲ್ಲ', 'ಹೊಟ್ಟೆ ನೋವು', 'ಅವರು ನಂಗಿಷ್ಟ ಇಲ್ಲ' ಅನ್ನುತ್ತಾರೆ, ಅಷ್ಟೇ.

ಮಗು ಹೇಳಲು ಶುರು ಮಾಡಿದರೆ ಕೈಯಲ್ಲಿರುವ ಕೆಲಸ ಕೆಳಗಿಡಿ. ಮುಖದಲ್ಲಿ ಗಾಬರಿ ಬೇಡ. 'ಹೇಳಿದ್ದು ಒಳ್ಳೇದಾಯ್ತು. ತಪ್ಪು ನಿಂದಲ್ಲ' ಅನ್ನಿ. 'ಯಾರಿಗೂ ಹೇಳಲ್ಲ' ಅಂತ ಮಾತ್ರ ಮಾತು ಕೊಡಬೇಡಿ. 'ನಿನ್ನನ್ನ ಕಾಪಾಡೋಕೆ ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೀನಿ' ಅನ್ನುವುದೇ ನಿಜ. ಕೆದಕಿ ಕೆದಕಿ ಕೇಳುವುದು ನಿಮ್ಮ ಕೆಲಸವಲ್ಲ, ಅದಕ್ಕೆ ತರಬೇತಿ ಪಡೆದವರಿದ್ದಾರೆ. ಮಗು ಬಳಸಿದ ಪದಗಳನ್ನೇ ಅವತ್ತೇ ಬರೆದಿಡಿ, ತಿದ್ದಬೇಡಿ. ಆರೋಪ ಇರುವವರನ್ನು ಕರೆದು ನೀವೇ ವಿಚಾರಿಸಬೇಡಿ. ಯಾರಿಗೆ ವರದಿ ಮಾಡಬೇಕು, ಮಕ್ಕಳ ಸಹಾಯವಾಣಿ ಸಂಖ್ಯೆ ಯಾವುದು ಎಂದು ಪಾಠಕ್ಕೆ ಮುಂಚೆಯೇ ತಿಳಿದುಕೊಂಡು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ. 'ಶಾಲೆಯ ಹೆಸರು ಹಾಳಾಗುತ್ತೆ, ನಾವೇ ಬಗೆಹರಿಸೋಣ' ಎಂದು ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ. ಹಾಗೆ ಮುಚ್ಚಿಟ್ಟ ಕಡೆ ಇನ್ನೊಂದು ಮಗುವಿಗೆ ಅದೇ ಆಗುತ್ತದೆ.

ಈಗ ಪೋಷಕರ ಮಾತಿಗೆ ಬರೋಣ. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಒಪ್ಪಿದ್ದು 1989ರ ನವೆಂಬರ್ 20ರಂದು. ಅದರಲ್ಲಿ 54 ವಿಧಿಗಳಿವೆ. ಹಿಂಸೆಯಿಂದ ರಕ್ಷಣೆ 19ನೇ ವಿಧಿಯಲ್ಲಿದೆ. ಅದರ ಜೊತೆ 29ನೇ ವಿಧಿಯನ್ನೂ ಅವರ ಮುಂದೆ ಓದಿ. ಶಿಕ್ಷಣವು ಮಗುವಿನಲ್ಲಿ ತಂದೆ ತಾಯಿಯ ಬಗ್ಗೆ ಗೌರವ ಬೆಳೆಸಬೇಕು ಎಂದು ಅಲ್ಲೇ ಬರೆದಿದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಭಯದ ಮಾತಿಗೂ ಉತ್ತರ ಇದೆ. ಶಾಲೆಗಳಲ್ಲಿ ಲೈಂಗಿಕ ದೌರ್ಜನ್ಯ ತಡೆಯುವ ಪಾಠಗಳ ಬಗ್ಗೆ ನಡೆದ 24 ಅಧ್ಯಯನಗಳನ್ನು ಆರೋಗ್ಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2015ರ ವರದಿ ಒಟ್ಟಿಗೆ ಪರಿಶೀಲಿಸಿತು. ಪಾಠ ಕೇಳಿದ ಮಕ್ಕಳ ತಿಳಿವಳಿಕೆ ಹೆಚ್ಚಿತ್ತು. ಅವರಲ್ಲಿ ಆತಂಕ ಜಾಸ್ತಿಯಾದದ್ದು ಕಂಡಿರಲಿಲ್ಲ.

ಒಂದು ಎಚ್ಚರಿಕೆ. 'ಬೇಡ ಅನ್ನು, ಓಡು' ಎಂದಷ್ಟೇ ಕಲಿಸಿದರೆ ಸಾಲದು. ದೌರ್ಜನ್ಯ ಮಾಡುವವರು ಬಹುಪಾಲು ಮಗುವಿಗೆ ಪರಿಚಯದವರೇ. ಅವರೆದುರು ಎಷ್ಟೋ ಮಕ್ಕಳು ಮರಗಟ್ಟಿ ನಿಂತುಬಿಡುತ್ತಾರೆ. ಆಮೇಲೆ 'ನಾನು ಬೇಡ ಅನ್ನಲಿಲ್ಲವಲ್ಲ, ತಪ್ಪು ನಂದೇ' ಅಂದುಕೊಳ್ಳುತ್ತಾರೆ. 'ಬೇಡ ಅನ್ನಲು ಆಗದಿದ್ದರೂ, ಎಷ್ಟು ದಿನ ಆಗಿದ್ದರೂ ಹೇಳಬಹುದು' ಎಂದು ಪ್ರತಿ ತರಗತಿಯಲ್ಲೂ ಹೇಳಿ. ಹುಡುಗರಿಗೂ ಹೇಳಿ. ದೇಹದ ಅಂಗಗಳಿಗೆ ಸರಿಯಾದ ಹೆಸರು ಕಲಿಸಿ, ಇಲ್ಲದಿದ್ದರೆ ಮಗು ಹೇಳಿದ್ದು ದೊಡ್ಡವರಿಗೆ ಅರ್ಥವೇ ಆಗುವುದಿಲ್ಲ. ಗುಟ್ಟಿನ ವಿಷಯ ಹೀಗೆ ಹೇಳಿಕೊಡಿ: ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಒಂದು ದಿನ ಬಯಲಾಗಿ ಎಲ್ಲರೂ ನಗುತ್ತಾರೆ. ಯಾವತ್ತೂ ಯಾರಿಗೂ ಹೇಳಬಾರದು ಅನ್ನುವ ಗುಟ್ಟನ್ನು ಇಟ್ಟುಕೊಳ್ಳಲೇಬಾರದು. ನಂಬುವ ಐದು ದೊಡ್ಡವರನ್ನು ಬೆರಳಲ್ಲಿ ಎಣಿಸಲಿ. ಒಬ್ಬರಾದರೂ ಮನೆಯ ಹೊರಗಿನವರಿರಲಿ. ಒಬ್ಬರು ನಂಬದಿದ್ದರೆ ಮುಂದಿನ ಬೆರಳು.

ಇನ್ನೊಂದು ಕೆಲಸ ಮಾಡಿ. ಮಕ್ಕಳಿಗೆ ಶಾಲೆಯ ನಕ್ಷೆ ಬರೆಯಲು ಹೇಳಿ, ಹೆದರಿಕೆಯಾಗುವ ಜಾಗಕ್ಕೆ ಕೆಂಪು ಬಣ್ಣ ಹಾಕಲಿ. ನಾನು ಮಾಡಿಸಿದಾಗ ಹೆಚ್ಚು ಕೆಂಪಾಗಿದ್ದದ್ದು ಚಿಲಕವಿಲ್ಲದ ಶೌಚಾಲಯ ಮತ್ತು ವ್ಯಾನಿನ ಹಿಂದಿನ ಸೀಟು. ಚಿಲಕ ಅದೇ ವಾರ ಬಂತು. ವ್ಯಾನಿನಲ್ಲಿ ಒಬ್ಬರು ಜೊತೆಗೆ ಹೋಗಲಿ ಎಂದು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ನಿಮ್ಮ ಮಕ್ಕಳ ನಕ್ಷೆಗಳನ್ನು, ಹೆಸರು ತೆಗೆದು, ಮುಂದಿನ ಪೋಷಕರ ಸಭೆಯಲ್ಲಿ ಮೇಜಿನ ಮೇಲೆ ಹರಡಿ.

ಪ್ರಶ್ನೆ: ಮನೆಗೆ ಬಂದವರು ಮುತ್ತು ಕೇಳಿದರೆ ನಾಲ್ಕು ವರ್ಷದ ಮಗಳು ಓಡಿಹೋಗುತ್ತಾಳೆ. ಬಂದವರು ಬೇಜಾರಾಗುತ್ತಾರೆ. ಬಲವಂತ ಮಾಡಲಾ?
— ಒಬ್ಬ ತಂದೆ

ಉತ್ತರ: ಬೇಡ. ಕೈ ಬೀಸಿದರೆ ಸಾಕು ಎಂದು ಅವಳಿಗೆ ಹೇಳಿ. ಬಂದವರಿಗೆ, 'ಅವಳಿಗೆ ಈಗ ಇಷ್ಟ ಇಲ್ಲ' ಎಂದು ಅವಳ ಎದುರಿಗೇ, ಸಮಾಧಾನವಾಗಿ ನೀವೇ ಹೇಳಿ.