9 ಮೀಟರ್ ಕ್ಯೂಬ್‌ನಲ್ಲಿ ಶೇ. 40 ಪೊರಾಸಿಟಿ (ಪೊಳ್ಳಿನ ಪಾಲು) ತರಲು ರೈನೋ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಬಾಕ್ಸ್‌ಗಳನ್ನು ಕಳೆಯಲೋ, ಅದರ ಜೊತೆ ಬರುವ ಗ್ರಾಸ್‌ಹಾಪರ್‌ನ ವೊರೊನೊಯ್ (ಚೆದುರಿದ ಬಿಂದುಗಳ ಸುತ್ತ ಜಾಗವನ್ನು ಕೋಶಗಳಾಗಿ ಹಂಚುವ ವಿಧಾನ) ಬಳಸಲೋ?

ಎರಡನೇ ವರ್ಷದ ಆರ್ಕಿಟೆಕ್ಚರ್ ಸ್ಟುಡಿಯೊದಲ್ಲಿ ನನಗೂ ಇದೇ ಕಸರತ್ತು: ಅದೇ ಕ್ಯೂಬ್, 3 ಮೀಟರ್ ಗ್ರಿಡ್, ಕೊನೆಗೆ 1:100ರ ತ್ರೀಡಿ ಪ್ರಿಂಟ್. 90 ಮಿಮೀ ಮಾಡೆಲ್ ಬಂತು, ಪ್ರಿಂಟ್ ಆಗುವಾಗ ಆಧಾರಕ್ಕೆ ಇರುವ ಸಪೋರ್ಟ್ ಕೀಳುವಾಗ ಒಂದು ಮೂಲೆ ಬಿಸ್ಕತ್ತಿನ ಹಾಗೆ ಕಳಚಿ ಕೈಗೆ ಬಂತು. ಪ್ರಿಂಟರ್‌ನದೇನೂ ತಪ್ಪಿರಲಿಲ್ಲ. ಆ ಜಾಗದಲ್ಲಿ ಹಿಡಿದುಕೊಳ್ಳಲು ಮಾಡೆಲ್‌ನಲ್ಲೇ ಏನೂ ಇರಲಿಲ್ಲ.

ಲೆಕ್ಕ ಮಾತ್ರ ಸರಿಯಾಗಿತ್ತು. ಒಟ್ಟು 729 ಘನ ಮೀಟರ್, 27 ಕೋಣೆ, 11 ತೆಗೆದರೆ 297, ಅಂದರೆ ಶೇ. 40.7. ಎಡವಿದ್ದು ಎಲ್ಲಿ ಅಂದರೆ, ಕಳೆಯುವ ಬಾಕ್ಸ್‌ಗಳನ್ನೆಲ್ಲ ಗ್ರಿಡ್‌ಗೆ ಸ್ನ್ಯಾಪ್ ಮಾಡಿ ಕೂರಿಸಿದ್ದೆ. ಚದುರಂಗದ ಮಣೆ ನೆನಪಿಸಿಕೊಳ್ಳಿ: ಎರಡು ಕಪ್ಪು ಮನೆಗಳು ಕರ್ಣದಲ್ಲಿ ಒಂದೇ ಬಿಂದುವಿನಲ್ಲಿ ತಾಗುತ್ತವೆ. ತ್ರೀಡಿಯಲ್ಲಿ ಆ ಬಿಂದು ಒಂದು ಅಂಚಾಗುತ್ತದೆ, ಅಲ್ಲಿ ನಾಲ್ಕು ಮುಖಗಳು ಸೇರುತ್ತವೆ. ಸರಿಯಾದ ಸಾಲಿಡ್‌ನಲ್ಲಿ ಒಂದು ಅಂಚಿಗೆ ಎರಡೇ ಮುಖ ಇರಬೇಕು. ನಾಲ್ಕಾದರೆ ಅದು ನಾನ್‌ಮ್ಯಾನಿಫೋಲ್ಡ್: ಎರಡೂ ಕಡೆಯ ಗೋಡೆಗಳು ಸೊನ್ನೆ ದಪ್ಪದ ಗೆರೆಯಲ್ಲಿ ಅಂಟಿಕೊಂಡಿರುತ್ತವೆ. ಪರದೆಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯುವ ಬೂಲಿಯನ್ ಡಿಫರೆನ್ಸ್ ಕಮಾಂಡ್ ಒಮ್ಮೊಮ್ಮೆ ಕೈಕೊಡುತ್ತದೆ, ಒಮ್ಮೊಮ್ಮೆ ತಕರಾರಿಲ್ಲದೆ ಮುಗಿಯುತ್ತದೆ; ಎರಡನೆಯದೇ ಅಪಾಯ, ಏಕೆಂದರೆ ಆಮೇಲೆ ಸ್ಲೈಸರ್ (ಮಾಡೆಲನ್ನು ಪದರಗಳಾಗಿ ಸೀಳಿ ಪ್ರಿಂಟರ್‌ಗೆ ಕೊಡುವ ಸಾಫ್ಟ್‌ವೇರ್) ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತದೆ.

ಇದನ್ನು ಬರೀ ಸಾಫ್ಟ್‌ವೇರ್ ತೊಂದರೆ ಅಂದುಕೊಳ್ಳಬೇಡಿ. ಆ ಅಂಚಿನಲ್ಲಿ ಗೋಡೆ ಬೇಕೋ ದಾರಿ ಬೇಕೋ ಅಂತ ನಾನು ತೀರ್ಮಾನಿಸಿಯೇ ಇರಲಿಲ್ಲ. ಗೋಡೆ ಬೇಕಾದರೆ ಎರಡೂ ಬಾಕ್ಸ್‌ಗಳನ್ನು ಅಂಚಿನಿಂದ 150 ಮಿಮೀ ಹಿಂದಕ್ಕೆ ಸರಿಸಿ. ಮೂಲೆಯಿಂದ ಮೂಲೆಗೆ ಸುಮಾರು 424 ಮಿಮೀ ಗಟ್ಟಿ ಉಳಿಯುತ್ತದೆ, ಪ್ರಿಂಟ್‌ನಲ್ಲಿ 4 ಮಿಮೀ ಮೇಲೆ. ದಾರಿ ಬೇಕಾದರೆ ಎರಡನ್ನೂ ಅಂಚಿನಿಂದ 450 ಮಿಮೀ ಆಚೆಗೆ ಒಂದರೊಳಗೊಂದು ತೂರಿಸಿ, ಕರ್ಣದಲ್ಲಿ ಸುಮಾರು 1.27 ಮೀಟರ್ ಅಗಲದ ಕಂಡಿ ತೆರೆಯುತ್ತದೆ. ಹೊರಮುಖಕ್ಕೆ ಬರುವ ಬಾಕ್ಸ್‌ಗಳನ್ನು 100 ಮಿಮೀ ಆಚೆಗೆ ಚಾಚಿ. ಮುಖಕ್ಕೆ ಮುಖ ಸರಿಯಾಗಿ ಕೂತರೆ ಕಾಗದದಂಥ ಪೊರೆ ಉಳಿಯುವುದುಂಟು.

ಇನ್ನು ಕ್ರಮ. ಪೊಳ್ಳುಗಳಿಗೆ ಬೇರೆ ಲೇಯರ್ ಇಡಿ. ಮೊದಲು ಅವನ್ನೆಲ್ಲ ಬೂಲಿಯನ್ ಯೂನಿಯನ್ ಮಾಡಿ ಒಂದಾಗಿ ಬೆಸೆದು, ಬಂದದ್ದನ್ನು ಕ್ಯೂಬ್‌ನಿಂದ ಕಳೆಯಿರಿ. ಅಂಚುಗಳನ್ನು ತೋರಿಸುವ ಶೋ ಎಡ್ಜಸ್ ಕಮಾಂಡ್‌ನಲ್ಲಿ ನೇಕೆಡ್ (ಒಂದೇ ಮುಖವಿರುವ ಅಂಚು), ನಾನ್‌ಮ್ಯಾನಿಫೋಲ್ಡ್ ಎರಡೂ ಸೊನ್ನೆ ಬರುವವರೆಗೆ ಮುಂದೆ ಹೋಗಬೇಡಿ. ವಾಲ್ಯೂಮ್ ಅಳೆಯುವುದು ಉಳಿದ ಗಟ್ಟಿಯದ್ದು, ಅದನ್ನು 729ರಿಂದ ಕಳೆದದ್ದೇ ಪೊಳ್ಳು. ಬಾಕ್ಸ್‌ಗಳ ವಾಲ್ಯೂಮ್ ಕೂಡಿಸಿದರೆ ಮೋಸ ಹೋಗುತ್ತೀರಿ: 4 ಮೀಟರ್‌ನ ಎರಡು ಬಾಕ್ಸ್‌ಗಳು ಒಂದು ದಿಕ್ಕಿನಲ್ಲಿ 1 ಮೀಟರ್ ಒಳಹೊಕ್ಕರೆ ಒಟ್ಟು 128 ಅಲ್ಲ, 112.

ಈಗ ವೊರೊನೊಯ್. ನನ್ನ ಕೇಳಿದರೆ ಬೇಡ, ಆದರೆ ರ‍್ಯಾಂಡಮ್ ಬಾಕ್ಸ್‌ಗಳೂ ಬೇಡ. ಶೇ. 40 ಅನ್ನುವ ಗುರಿಯೇ ದಾರಿ ತಪ್ಪಿಸುತ್ತದೆ. ಸೆಟ್ ದೋಸೆ ಮೇಲೂ ತೂತುಗಳಿರುತ್ತವೆ, ಆಚೆ ಬದಿ ಕಾಣುವುದಿಲ್ಲ. ತೊಟ್ಟಿ ಮನೆಯಲ್ಲಿ ಇರುವುದು ಒಂದೇ ದೊಡ್ಡ ಪೊಳ್ಳು, ಸುತ್ತಲಿನ ಪಡಸಾಲೆ, ಕೋಣೆಗಳಿಗೆಲ್ಲ ಗಾಳಿ ಬೆಳಕು ಅದರಿಂದಲೇ. ವಾಸ್ತುಶಿಲ್ಪಿ ಸ್ಟೀವನ್ ಹಾಲ್ ಸ್ಪಂಜನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಎಂಐಟಿಯ ವಿದ್ಯಾರ್ಥಿನಿಲಯ ಸಿಮನ್ಸ್ ಹಾಲ್ (2002) ನೋಡಿ. ಒಬ್ಬರಿರುವ ಒಂದೊಂದು ಕೋಣೆಗೂ ಸುಮಾರು ಎರಡಡಿ ಚೌಕದ ಒಂಬತ್ತು ಕಿಟಕಿ. ಗೋಡೆ 18 ಇಂಚು ದಪ್ಪ ಇರುವುದರಿಂದ ಬೇಸಿಗೆಯ ನೆತ್ತಿ ಬಿಸಿಲು ಒಳಬರುವುದಿಲ್ಲ, ಚಳಿಗಾಲದ ತಗ್ಗು ಬಿಸಿಲು ಬರುತ್ತದೆ. ಅದರ ಮೇಲೆ ಕಟ್ಟಡವನ್ನೇ ಕೊರೆದ ದೊಡ್ಡ ತೆರಪುಗಳು, ಒಳಗೆ ಮಹಡಿಗಳನ್ನು ಸೀಳಿ ಏರುವ ಬಾಗಿದ ಪೊಳ್ಳುಗಳು. ಮೂರು ಅಳತೆ, ಮೂರಕ್ಕೂ ಬೇರೆ ಬೇರೆ ಕೆಲಸ.

ನಿಮ್ಮದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಪೊಳ್ಳುಗಳ ಯೂನಿಯನ್ ಆದಮೇಲೆ ಎಷ್ಟು ತುಂಡು ಉಳಿದವು ಎಣಿಸಿ. ಒಂದೇ ಆದರೆ ಒಳಗೆಲ್ಲ ಓಡಾಡಬಹುದು. ಐದು ಉಳಿದು, ಅದರಲ್ಲಿ ಎರಡು ಹೊರಮುಖ ಮುಟ್ಟದಿದ್ದರೆ ಅವು ಬರೀ ಗುಳ್ಳೆಗಳು, ಪ್ರಿಂಟ್‌ನಲ್ಲಿ ಅವುಗಳೊಳಗಿನ ಸಪೋರ್ಟ್ ತೆಗೆಯಲೂ ಆಗದು. ಪ್ರಿಂಟ್‌ಗೆ ದುಡ್ಡು ಒಂದಕ್ಕೇ ಇದ್ದರೆ, ಕ್ಯೂಬ್ ಬಿಟ್ಟು ಆ ಪೊಳ್ಳಿನ ಯೂನಿಯನ್ನೇ ಗಟ್ಟಿಯಾಗಿ ಪ್ರಿಂಟ್ ಮಾಡಿಸಿ. ಹೊರಗೆ ಚಾಚಿದ ಆ 100 ಮಿಮೀ ಕತ್ತರಿಸಲು ಮರೆಯಬೇಡಿ.